ಅರ್ಜಿ ವಾಪಸ್ ತಗೊಂಡ್ವಿ (ಭಾಗ 6)

"ಪಂಪಿಗೆ ಲೈಸೆನ್ಸ್ ಬಂತೇನ್ರಿ?" ಅಂತ ಬಹಳ ಮಂದಿ ಕೇಳಿದ್ರಿ. ಬಂದಿಲ್ಲ. ಹಂಗಂತ ಯಾರೂ ತಿರಸ್ಕಾರ ಮಾಡಿಲ್ಲ. ನಾವಾಗೇ ಅರ್ಜಿ ವಾಪಸ್ ತಗೊಂಡ್ವಿ. ಯಾಕಂತ ಹೇಳ್ತೀನಿ, ಸ್ವಲ್ಪ ಉದ್ದ ಐತಿ, ಪುರುಸೊತ್ತಿದ್ದಾಗ ಓದ್ರಿ.

ಹೊಸದಾಗಿ ಬಂದವರಿಗೆ: ನಾನು ಮೂಡಲಗಿ ತಾಲೂಕಿನ ನಾಗನೂರದಾಕಿ. ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಕಾಗದಪತ್ರದ ಕೆಲಸ ನನ್ನದು. ನಾವು ಮಾಡೋದು ಸಿರಿಂಜ್ ಪಂಪ್. ಔಷಧ ತುಂಬಿದ ಸಿರಿಂಜನ್ನು ನಿಧಾನಕ್ಕೆ, ಲೆಕ್ಕ ಹಾಕಿದ ವೇಗದಲ್ಲಿ ಒತ್ತುವ ಯಂತ್ರ. ಈಗ ಹುಟ್ಟಿದ ಕೂಸಿಗೆ ತಾಸಿಗೆ ಒಂದೆರಡು ಎಂ.ಎಲ್ ಮಾತ್ರ ಕೊಡಬೇಕಾದಾಗ ಕೈಯಿಂದ ಹನಿ ಎಣಿಸಿ ಕೊಡೋದು ಕಷ್ಟ.

ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನಗಳ ನಿಯಮ 2017 ಅಂತ ಐತಿ. 2018ರ ಜನವರಿ 1ರಿಂದ ಜಾರಿ. ಅಪಾಯ ಎಷ್ಟು ಅನ್ನೋದರ ಮೇಲೆ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ. ನಮ್ಮ ಪಂಪು ಸಿ ವರ್ಗದ್ದು. ಸಿ, ಡಿ ಸಾಧನ ತಯಾರಿಸುವವರು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಗೆ ಎಂ.ಡಿ-7 ನಮೂನೆಯಲ್ಲಿ ಅರ್ಜಿ ಹಾಕಬೇಕು. ಒಂದು ತಯಾರಿಕಾ ಜಾಗಕ್ಕೆ 50,000 ರೂಪಾಯಿ ಫೀ, ಒಂದೊಂದು ಸಾಧನಕ್ಕೆ ಮತ್ತೆ 1,000. ಜೊತೆಗೆ ಪರೀಕ್ಷಾ ವರದಿಗಳ ದೊಡ್ಡ ಕಡತ.

ಅರ್ಜಿ ವಿಚಾರಣೆಯಲ್ಲಿ ಇದ್ದಾಗಲೇ ಒಂದು ಮೇಲ್ ಬಂತು. ನಾವು ಬಳಸುತ್ತಿದ್ದ ಬ್ಯಾಟರಿಯ ತಯಾರಿಕೆ ನಿಂತಿತ್ತು. ಬೇರೆ ಬ್ಯಾಟರಿ ಸಿಗತೈತಿ, ಆದರೆ ಅಳತೆ ಬೇರೆ, ಚಾರ್ಜ್ ಆಗುವ ರೀತಿ ಬೇರೆ. ಬರೀ ಬ್ಯಾಟರಿ ತಾನೇ ಅಂದ್ರೇನು? ನಮ್ಮೂರ ಕಡೆ ಕರೆಂಟ್ ಹೆಂಗ ಬರತೈತಿ, ಹೆಂಗ ಹೋಗತೈತಿ ನಿಮಗೆ ಗೊತ್ತೈತಿ. ಕರೆಂಟ್ ಹೋದ ಮೇಲೆ ಪಂಪು ಎಷ್ಟು ಹೊತ್ತು ನಡೀತೈತಿ, ನಿಲ್ಲೋದಕ್ಕಿಂತ ಮೊದಲು ಎಷ್ಟು ಹೊತ್ತಿಗೆ ಅಲಾರಾಂ ಕೂಗತೈತಿ, ಎಲ್ಲ ಆ ಬ್ಯಾಟರಿ ಮೇಲೆ. ಕಡತದಲ್ಲಿದ್ದ ವರದಿಗಳೆಲ್ಲ ಹಳೆಯದರವು.

"ಮೊದಲು ಲೈಸೆನ್ಸ್ ತಗೊಳ್ಳೋಣ, ಆಮೇಲೆ ಬದಲಾವಣೆಗೆ ಅರ್ಜಿ ಹಾಕೋಣ" ಅಂತ ಆಫೀಸಿನಲ್ಲಿ ಮಾತು ಬಂತು. ಆ ದಾರಿ ಐತಿ. ಲೈಸೆನ್ಸ್ ಆದ ಮೇಲೆ ದೊಡ್ಡ ಬದಲಾವಣೆ ಮಾಡೋದಾದರೆ ಮೊದಲೇ ಒಪ್ಪಿಗೆ ಪಡೆಯಬೇಕು, ಅಷ್ಟೇ. ಆದರೆ ನಮಗೆ ಸಿಗೋದು ಇನ್ನು ಮುಂದೆ ನಾವು ತಯಾರಿಸಲಾಗದ ಪಂಪಿನ ಲೈಸೆನ್ಸ್. ಅದನ್ನು ಗೋಡೆಗೆ ನೇತು ಹಾಕಿ ಆರ್ಡರ್ ಹಿಡಿಯೋಕೆ ಶುರು ಮಾಡಿದರೆ, ಒಪ್ಪಿಗೆ ಬರುವ ತನಕ ಕೈ ಕಟ್ಟಿ ಕೂಡ್ತೀವಾ? ಎರಡು ದಿನ ಜಗಳ ಆಡಿದ್ವಿ. ಸಂಬಳದ ಚಿಂತೆ ಎಲ್ಲರಿಗೂ ಇತ್ತು, ನನಗೂ ಇತ್ತು.

ನಾನು ಅಲ್ಲಿ ಹೇಳಿದ್ದು ಎ.ಎಸ್.ಆರ್ ಸೊಂಟದ ಕೀಲಿನ ಕಥೆ. 2010ರ ಆಗಸ್ಟ್‌ನಲ್ಲಿ ಡೆಪ್ಯೂ ಕಂಪನಿ ಆ ಕೃತಕ ಕೀಲನ್ನು ಜಗತ್ತಿನಾದ್ಯಂತ ವಾಪಸ್ ಕರೆಯಿತು. ಅಷ್ಟೊತ್ತಿಗೆ ಭಾರತದಲ್ಲೇ ಸುಮಾರು 4,700 ಶಸ್ತ್ರಚಿಕಿತ್ಸೆ ಆಗಿದ್ದವು. ವರ್ಷಗಳ ನಂತರ ಕೇಂದ್ರದ ತಜ್ಞರ ಸಮಿತಿ ವರದಿ ಕೊಟ್ಟಾಗಲೂ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿ ಎಲ್ಲಿದ್ದಾರೆ ಅನ್ನೋದೇ ಪತ್ತೆ ಇರಲಿಲ್ಲ. ಮೈಯೊಳಗೆ ಕೂತ ಮೇಲೆ ವಾಪಸ್ ತಗೊಳ್ಳೋದು ಅಂದರೆ ಮತ್ತೆ ಮೈ ಕೊಯ್ಯೋದು. ಪಂಪು ಮೈಯೊಳಗೆ ಕೂಡೋದಿಲ್ಲ, ಖರೆ. ಆದರೆ ನೂರು ಆಸ್ಪತ್ರೆಗೆ ಹೋದ ಪಂಪನ್ನು ಹುಡುಕಿ ತರೋದಕ್ಕಿಂತ ಒಂದು ಅರ್ಜಿ ಹಿಂದಕ್ಕೆ ತರೋದು ಬಹಳ ಹಗುರ.

ಪತ್ರ ಬರೆಯೋದು ಕಷ್ಟವೇನಲ್ಲ. ಅರ್ಜಿ ಸಂಖ್ಯೆ, ಸಾಧನದ ಹೆಸರು, ಕಾರಣ, ಕಡತ ಮುಚ್ಚಬೇಕು ಅನ್ನೋ ವಿನಂತಿ. ಕಾರಣ ಇದ್ದದ್ದು ಇದ್ದಂಗೆ ಬರದ್ವಿ. ನಾಳೆ ಮತ್ತೆ ಅದೇ ಬಾಗಿಲಿಗೆ ಹೋಗೋರು ನಾವೇ.

ಊರಿಗೆ ಫೋನ್ ಮಾಡಿ ಹೇಳೋದು ಕಷ್ಟ ಆತು. ನಮ್ಮ ಮನಿಯೊಳಗ ಅರ್ಜಿ ಅಂದ್ರ ಪಹಣಿ ತಿದ್ದುಪಡಿ, ಪಂಪಸೆಟ್ಟಿನ ಕನೆಕ್ಷನ್. ಕೊಟ್ಟ ಮೇಲೆ ಬೆನ್ನ ಹತ್ತಬೇಕು, ಬಿಡಬಾರದು.

"ಕೊಟ್ಟ ಅರ್ಜಿ ಯಾರರ ವಾಪಸ್ ತಗೋತಾರೇನವಾ? ಕಟ್ಟಿದ ರೊಕ್ಕ?" ಅಂದ ಅಪ್ಪ.

"ಬರೂದಿಲ್ಲಪಾ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಅಕ್ಕನ ಕೂಸು ದಿನ ತುಂಬುವ ಮೊದಲೇ ಹುಟ್ಟಿದಾಗ, ಗೋಕಾಕ ದಾಟಿ ಬೆಳಗಾವಿ ಮುಟ್ಟುವ ತನಕ ಆಂಬುಲೆನ್ಸಿನಲ್ಲಿ ನರ್ಸಮ್ಮ ಹನಿ ಎಣಿಸುತ್ತ ಕೂತದ್ದನ್ನು ನೋಡಿದವನು ಅವನು.

"ಹೊಸಾ ಬ್ಯಾಟರಿ ಬೆಳಗಾವಿತನಾ ತಡೀತೈತೇನು?"

"ಅದನ್ನ ಇನ್ನಾ ಅಳದು ನೋಡಬೇಕು."

"ಹಂಗಾದ್ರ ಅಳದ ಕೊಡ್ರಿ. ತಡಾ ಆದ್ರೂ."

ಈಗ ಪಂಪುಗಳು ಪರೀಕ್ಷಾಲಯದಲ್ಲಿವೆ. ಐ.ಇ.ಸಿ 60601-2-24 ಅನ್ನೋ ಮಾನದಂಡದ ಪ್ರಕಾರ ಪರೀಕ್ಷೆ ಮತ್ತೆ ಮೊದಲಿನಿಂದ ನಡದೈತಿ. ವರದಿ ಬಂದ ಮೇಲೆ ಹೊಸ ಅರ್ಜಿ, ಹೊಸ ಫೀ. ಅಲ್ಲಿತನಕ ಎಷ್ಟೋ ಕಡೆ ಹನಿ ಎಣಿಸೋ ಕೆಲಸ ನಡದೇ ಇರತೈತಿ. ಅದು ನನಗೆ ಗೊತ್ತೈತಿ, ರಾತ್ರಿ ನೆನಪೂ ಆಗತೈತಿ.

ನಿಮ್ಮಲ್ಲಿ ಯಾರಾದರೂ ಇಂಥ ಸಾಧನ ಮಾಡುತ್ತಿದ್ದರೆ, ಬಿಡಿಭಾಗ ಕೊಡೋರ ಜೊತೆ ಇವತ್ತೇ ಮಾತಾಡ್ರಿ: ಆ ಭಾಗ ಇನ್ನೂ ಎಷ್ಟು ವರ್ಷ ಸಿಗತೈತಿ, ನಿಲ್ಲಿಸೋದಾದರೆ ಎಷ್ಟು ಮೊದಲು ತಿಳಿಸ್ತಾರೆ. ಉತ್ತರ ಕಾಗದದ ಮೇಲೆ ಬರೆಸಿಕೊಳ್ರಿ.

ಮುಂದಿನ ಭಾಗದಲ್ಲಿ ಪರೀಕ್ಷಾಲಯದ ಫೋಟೋ ಹಾಕ್ತೀನಿ.

#ನಾಗನೂರ #ಮೂಡಲಗಿ #ಸಿರಿಂಜ್‌ಪಂಪ್