ಒಂದು ಸಾಲು ಕ್ರೇಟು

2024ರ ಫೆಬ್ರವರಿಯಲ್ಲಿ ಬಿಟಿಎಂ ಲೇಔಟಿನಿಂದ ವೈಟ್‌ಫೀಲ್ಡಿಗೆ ಮನೆ ಬದಲಾಯಿಸಿದೆವು. ಪಿಕಪ್ ಗಾಡಿಯವನು 2,800 ಹೇಳಿದ. ನಾನು ಇನ್ನೂ ಮೂರು ಜನಕ್ಕೆ ಫೋನ್ ಮಾಡಿ, ಒಬ್ಬನ ರೇಟನ್ನು ಇನ್ನೊಬ್ಬನಿಗೆ ಹೇಳಿ, ಕೊನೆಗೆ ಇವನನ್ನೇ 2,000ಕ್ಕೆ ಒಪ್ಪಿಸಿದೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ, ಹೊಸ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಪರ್ಮಿಷನ್ನಿಗಾಗಿ ಇನ್ನೊಂದು ಗಂಟೆ ಅವನು ಕಾದ. ಕಾದಿದ್ದಕ್ಕೆ ಇನ್ನೂರು ಸೇರಿಸಿ ಕೊಡಿ ಸರ್ ಅಂದಾಗ "ಮಾತು ಅಂದ್ರೆ ಮಾತು" ಅಂದೆ. ಆ ರಾತ್ರಿ ಹೆಂಡತಿಗೆ ಎಂಟುನೂರು ಉಳಿಸಿದ ಕಥೆಯನ್ನು ಎರಡು ಸಲ ಹೇಳಿದೆ.

ಮೂರು ತಿಂಗಳಾದ ಮೇಲೆ ಊರಿಂದ ತಮ್ಮ ಫೋನ್ ಮಾಡಿದ. "ಅಣ್ಣ, ಹೊಸ ಗಾಡಿ ತಗೊಳೋಣ ಅಂತಿದೀನಿ. ರೇಟು ಮಾತಾಡೋಕೆ ನೀನು ಬಾ. ನಿಂಗೆ ಚೆನ್ನಾಗಿ ಬರುತ್ತಲ್ಲ."

ಬರುತ್ತೆ ಅಂತಲೇ ನಾನೂ ಅಂದುಕೊಂಡಿದ್ದೆ.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಸುತ್ತಮುತ್ತ ಎಲ್ಲರೂ ಟೊಮೆಟೊ ಇಡುತ್ತಾರೆ, ಎಲ್ಲರ ಟೊಮೆಟೊ ಕೋಲಾರದ ಎಪಿಎಂಸಿಗೇ ಹೋಗುತ್ತೆ. ತಮ್ಮ ನಾಲ್ಕು ವರ್ಷದಿಂದ ಬೇರೆಯವರ ಪಿಕಪ್ ಓಡಿಸುತ್ತಿದ್ದ. ಈಗ ಸ್ವಂತದ್ದು ಮಾಡಿಕೊಂಡು, ನಮ್ಮ ಮಾಲಿನ ಜೊತೆ ಅಕ್ಕಪಕ್ಕದವರ ಮಾಲನ್ನೂ ಹೊಡೆಯೋದು ಅಂತ ಲೆಕ್ಕ. ಡೌನ್ ಪೇಮೆಂಟಿಗೆ ನಾನು ಒಂದು ಲಕ್ಷ ಕೊಡುವುದು. ಉಳಿದ ಎರಡು ಲಕ್ಷಕ್ಕೆ ಅಮ್ಮನ ಎರಡೆಳೆ ಸರ ಆಗಲೇ ಸೊಸೈಟಿಯಲ್ಲಿ ಅಡವಿಗೆ ಹೋಗಿತ್ತು. ಇದನ್ನು ತಮ್ಮ ಫೋನಿನಲ್ಲಿ ಹೇಳಿರಲಿಲ್ಲ. ಊರಿಗೆ ಹೋದಾಗ ಅಮ್ಮನ ಬರಿಯ ಕತ್ತು ನೋಡಿ ಗೊತ್ತಾಯಿತು. "ಸೀಸನ್ ಮುಗಿಯೋ ಹೊತ್ತಿಗೆ ಬಿಡಿಸ್ಕೊಡ್ತಾನಂತೆ" ಅಂದರು ಅಮ್ಮ, ಏನೂ ಆಗದವರ ಹಾಗೆ.

ಷೋರೂಮಿಗೆ ಹೋದದ್ದು ಮೇ 28ಕ್ಕೆ. ಬೇಕೆಂದೇ ತಿಂಗಳ ಕೊನೆ ಆರಿಸಿಕೊಂಡಿದ್ದೆ. ಆಗ ಸೇಲ್ಸಿನವರಿಗೆ ಟಾರ್ಗೆಟ್ಟಿನ ಬಿಸಿ ಇರುತ್ತೆ. ನಾನು ಲ್ಯಾಪ್‌ಟಾಪ್ ಹಿಡಿದುಕೊಂಡಿದ್ದೆ. ತಮ್ಮ ಬೈಕಿನ ಹಿಂದೆ ಒಂದು ಖಾಲಿ ಪ್ಲಾಸ್ಟಿಕ್ ಕ್ರೇಟು ಕಟ್ಟಿಕೊಂಡು ಬಂದಿದ್ದ. ಅಲ್ಲಿಂದ ಮಂಡಿಗೆ ಹೋಗೋದಿದೆ ಅಂತೇನೋ ಅಂದುಕೊಂಡು ನಾನೂ ಕೇಳಲಿಲ್ಲ.

ಸೇಲ್ಸ್ ಹುಡುಗ ನೀರು ಕೊಟ್ಟು, ಕೊಟೇಶನ್ ಪ್ರಿಂಟ್ ಮಾಡಿ ಮುಂದಿಟ್ಟ. ಆನ್ ರೋಡ್ ಹತ್ತು ಲಕ್ಷ ಚಿಲ್ಲರೆ. ಬಹಳ ಜನ ಕೊನೆಯ ಆ ಒಂದು ಸಂಖ್ಯೆ ಹಿಡಿದುಕೊಂಡು ಜಗ್ಗುತ್ತಾರೆ. ಹಾಗೆ ಜಗ್ಗಿದರೆ ಹತ್ತು ಸಾವಿರ ಬಿಟ್ಟ ಹಾಗೆ ಮಾಡಿ ಇನ್ನೆಲ್ಲೋ ಹದಿನೈದು ಸಾವಿರ ಸೇರಿಸುತ್ತಾರೆ. ಸಾಲು ಸಾಲಾಗಿ ಓದಬೇಕು.

ಮೊದಲ ಸಾಲು ಎಕ್ಸ್ ಷೋರೂಮ್, 9,20,000. ಅದರೊಳಗೆ ಆಗ 28 ಪರ್ಸೆಂಟ್ ಜಿಎಸ್‌ಟಿ ಇತ್ತು, ಅಂದರೆ 2,01,250. ಅದರಲ್ಲಿ ಚೌಕಾಸಿಗೆ ಏನೂ ಇಲ್ಲ. ರಸ್ತೆ ತೆರಿಗೆ, ನೋಂದಣಿ ಕೂಡ ಸರ್ಕಾರದ್ದೇ, ರಸೀದಿ ಕೇಳಿ ತಗೊಂಡರೆ ಸಾಕು. ಮಾತಾಡೋಕೆ ಜಾಗ ಇರೋದು ಉಳಿದ ಸಾಲುಗಳಲ್ಲಿ.

ಇನ್ಶೂರೆನ್ಸ್ 52,000 ಅಂತಿತ್ತು. ಷೋರೂಮಿನಲ್ಲೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರವೇ ಗೊತ್ತು ಮಾಡಿದ್ದು. ಒಟ್ಟು ತೂಕ ಏಳೂವರೆ ಟನ್ನಿನ ಒಳಗಿನ ಸರಕು ಗಾಡಿಗೆ ಆಗ 16,049, ತೆರಿಗೆ ಬೇರೆ. ಯಾವ ಕಂಪನಿಗೆ ಹೋದರೂ ಅಷ್ಟೇ. ವ್ಯತ್ಯಾಸ ಬರೋದು ನಮ್ಮ ಗಾಡಿಗೆ ಆಗುವ ಡ್ಯಾಮೇಜಿನ ಪಾಲಿನಲ್ಲಿ. ಅದೇ ಐಡಿವಿಗೆ, ಅಂದರೆ ಗಾಡಿಗೆ ಅದೇ ಬೆಲೆ ಕಟ್ಟಿ, ಹೊರಗೆ 39,500ಕ್ಕೆ ಸಿಕ್ಕಿತ್ತು. ಕೊಟೇಶನ್ ತೋರಿಸಿದೆ. ಹನ್ನೆರಡೂವರೆ ಸಾವಿರ ಅಲ್ಲೇ ಕಮ್ಮಿಯಾಯಿತು.

"ಹ್ಯಾಂಡ್ಲಿಂಗ್ ಚಾರ್ಜ್ 8,500 ಏನಿದು?"

"ಅದು ಗಾಡಿ ಗೋಡೌನಿಂದ ತರ್ಸಿ, ತೊಳ್ಸಿ, ರೆಡಿ ಮಾಡೋದು ಸರ್."

"ಅಂಗಡಿಯವನು ಅಕ್ಕಿ ಮೂಟೆ ಗೋಡೌನಿಂದ ತರ್ಸಿದ್ದಕ್ಕೆ ಬಿಲ್ಲಿನಲ್ಲಿ ಬೇರೆ ಹಾಕ್ತಾನಾ?"

ಹುಡುಗ ನಕ್ಕ. ಆ ಸಾಲಿನ ಮೇಲೆ ಅವನೇ ಗೆರೆ ಎಳೆದ. ಸೀಟ್ ಕವರು, ಮ್ಯಾಟು, ಸ್ಟಿಕರು ಎಲ್ಲ ಸೇರಿಸಿದ್ದ ಆಕ್ಸೆಸರಿ ಕಿಟ್ 14,000. ಅದಕ್ಕೂ ಗೆರೆ.

ಆಮೇಲೆ ಸಾಲ. ಏಳು ಲಕ್ಷಕ್ಕೆ "ಬರೀ ಏಳು ಪರ್ಸೆಂಟ್ ಸರ್" ಅಂದ. ಏಳು ಅಂದರೆ ಫ್ಲಾಟ್ ರೇಟ್. ಅಂದರೆ ನಾವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ನಾಲ್ಕು ವರ್ಷವೂ ಪೂರ್ತಿ ಏಳು ಲಕ್ಷಕ್ಕೇ ಬಡ್ಡಿ ಹಾಕುವುದು. ಕಂತು 18,667. ಬ್ಯಾಂಕಿನವರು ಹೇಳುವ ಲೆಕ್ಕದಲ್ಲಿ ಇದು ಹನ್ನೆರಡೂವರೆ ಪರ್ಸೆಂಟಿಗಿಂತ ಮೇಲಾಗುತ್ತೆ. ಅಪ್ಪನ ಖಾತೆ ಇರುವ ಬ್ಯಾಂಕಿನಲ್ಲಿ ಹತ್ತು ಪರ್ಸೆಂಟಿಗೆ ಒಪ್ಪಿದ್ದರು, ಬಾಕಿ ಇಳಿದ ಹಾಗೆ ಬಡ್ಡಿಯೂ ಇಳಿಯುವ ಲೆಕ್ಕ. ಕಂತು 17,754. ಏಳು ಅನ್ನೋದು ಹತ್ತಕ್ಕಿಂತ ದುಬಾರಿ. ನಾಲ್ಕು ವರ್ಷಕ್ಕೆ 43,000 ಮೀರಿದ ವ್ಯತ್ಯಾಸ. ಸ್ಕ್ರೀನ್ ತಿರುಗಿಸಿ ತಮ್ಮನಿಗೆ ತೋರಿಸೋಣ ಅಂತ ನೋಡಿದರೆ ಪಕ್ಕದ ಕುರ್ಚಿ ಖಾಲಿ.

ಹೊರಗೆ ಹೋಗಿ ನೋಡಿದೆ. ತಮ್ಮ ಚಪ್ಪಲಿ ಬಿಟ್ಟು ಡಿಸ್ಪ್ಲೇ ಗಾಡಿಯ ಹಿಂಭಾಗಕ್ಕೆ ಹತ್ತಿದ್ದ. ತಂದಿದ್ದ ಕ್ರೇಟನ್ನು ಒಂದು ಮೂಲೆಯಲ್ಲಿಟ್ಟು ಬಳಪದಲ್ಲಿ ಗುರುತು ಹಾಕಿ, ಮುಂದಕ್ಕೆ ಸರಿಸಿ ಮತ್ತೆ ಗುರುತು ಹಾಕಿ, ಅಳೆಯುತ್ತಿದ್ದ. ಹೊಸ ಗಾಡಿಯ ತುಂಬ ಬಿಳಿ ಗೆರೆ. ಸೆಕ್ಯೂರಿಟಿಯವನು ಬೈಯಬೇಕೋ ಬೇಡವೋ ಗೊತ್ತಾಗದೆ ನಿಂತಿದ್ದ. ನನಗೆ ನಿಜವಾಗಲೂ ಮುಜುಗರವಾಯಿತು. "ಇಳಿಯೋ, ಅಳತೆ ಎಲ್ಲ ಬ್ರೋಷರಿನಲ್ಲಿದೆ" ಅಂದೆ.

"ಬ್ರೋಷರಿನಲ್ಲಿ ಅಡಿ ಇದೆ ಅಣ್ಣ, ಕ್ರೇಟು ಇಲ್ಲ."

ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದು ಪಕ್ಕದಲ್ಲಿ ನಿಂತಿದ್ದ ಸಣ್ಣ ಮಾಡೆಲ್, 8,75,000ದ್ದು. ಎಂಜಿನ್ ಅದೇ, ನಲವತ್ತೈದು ಸಾವಿರ ಕಮ್ಮಿ. ತಮ್ಮ ಎರಡನ್ನೂ ಅಳೆದಿದ್ದ. ಸಣ್ಣದರಲ್ಲಿ ಉದ್ದಕ್ಕೆ ನಾಲ್ಕು ಸಾಲು ಹಿಡಿದು ಅರ್ಧ ಸಾಲಿನ ಜಾಗ ವೇಸ್ಟು. ದೊಡ್ಡದರಲ್ಲಿ ಸರಿಯಾಗಿ ಐದು ಸಾಲು. ಅಗಲಕ್ಕೆ ನಾಲ್ಕು, ಎತ್ತರಕ್ಕೆ ನಾಲ್ಕು. 64ಕ್ಕೆ ಬದಲು 80 ಕ್ರೇಟು. ಹದಿನೈದು ಕೆ.ಜಿ. ಹಣ್ಣು, ಕ್ರೇಟಿನ ತೂಕವೂ ಸೇರಿ ಹದಿನೇಳು ಅಂದರೂ 1,360 ಕೆ.ಜಿ., ಗಾಡಿಯ ಮಿತಿಯ ಒಳಗೇ. ಕ್ರೇಟಿಗೆ ಹದಿನೈದು ರೂಪಾಯಿ ಬಾಡಿಗೆ. ಒಂದು ಟ್ರಿಪ್ಪಿಗೆ 240 ಹೆಚ್ಚು, ದಿನಕ್ಕೆ ಎರಡು ಟ್ರಿಪ್ಪು.

"ನಲವತ್ತೈದು ಸಾವಿರ ವಾಪಸ್ ಬರೋಕೆ ನೂರು ದಿನಾನೂ ಬೇಡ" ಅಂದ. ನಾನು ಫೋನಿನಲ್ಲಿ ಭಾಗಿಸಿ ನೋಡಿದೆ. ತೊಂಬತ್ನಾಲ್ಕು.

ಇನ್ನೊಂದು ಗಂಟು ಉಳಿದಿತ್ತು. ಯಾರ್ಡಿನಲ್ಲಿದ್ದ ದೊಡ್ಡ ಗಾಡಿ ತಯಾರಾದದ್ದು 2023ರ ಡಿಸೆಂಬರಿನಲ್ಲಿ. ಷೋರೂಮಿನವರಾಗಿ ಹೇಳಲಿಲ್ಲ, ಚಾಸಿಸ್ ನಂಬರ್ ಕೊಡಿ ಅಂತ ಪಟ್ಟು ಹಿಡಿದ ಮೇಲೆ ಹೇಳಿದರು. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಬಂದೇ ಬರುತ್ತೆ. ನಾಳೆ ಮಾರುವಾಗ ಕೊಳ್ಳುವವನು ಮೊದಲು ನೋಡೋದೇ ಅದನ್ನು. ಮೇನಲ್ಲಿ ಕೊಂಡರೂ ಅದು ಹೋದ ವರ್ಷದ ಗಾಡಿಯೇ. ಈ ವರ್ಷದ್ದೇ ಬೇಕಂದರೆ ಮೂರು ವಾರ ಕಾಯಬೇಕು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. "ಕಾಯೋಣ. ಹಳೇ ಸ್ಟಾಕ್ ತಲೆಗೆ ಕಟ್ತಾರೆ."

ತಮ್ಮ ನನ್ನನ್ನು ಪಕ್ಕದ ಟೀ ಅಂಗಡಿಗೆ ಕರಕೊಂಡು ಹೋದ.

"ಅಣ್ಣ, ಹೋದ ವರ್ಷ ಜುಲೈನಲ್ಲಿ ಬಾಕ್ಸು ಎರಡು ಸಾವಿರ ದಾಟ್ತು. ನಮ್ದು ಆಗ ಮುಗಿದಿತ್ತು. ಅದಕ್ಕೂ ಮುಂಚೆ ಒಂದ್ಸಲ ಬಾಡಿಗೆ ಕೂಡ ಹುಟ್ಟದೆ ರೋಡಲ್ಲಿ ಸುರಿದು ಬಂದ್ವಿ. ನಾವು ಬೆಳೆದಿದ್ದಕ್ಕೆ ರೇಟು ಅವರು ಕೂಗ್ತಾರೆ, ನಾವು ಕೊಳ್ಳೋದಕ್ಕೂ ರೇಟು ಅವರೇ ಹೇಳ್ತಾರೆ. ನಮ್ಮ ಕೈಲಿರೋದು ಒಂದೇ, ಸೀಸನ್ನಿನ ದಿನ. ಡೀಸೆಲ್ ಕಳೆದು ದಿನಕ್ಕೆ ಸಾವಿರದ ಆರುನೂರು ಉಳಿಯುತ್ತೆ. ಇಪ್ಪತ್ತೊಂದು ದಿನ ಕಾದ್ರೆ ಎಷ್ಟಾಯ್ತು?"

33,600. ಆ ಸಂಖ್ಯೆ ನನ್ನ ಶೀಟಿನಲ್ಲಿ ಎಲ್ಲೂ ಇರಲಿಲ್ಲ. ನನ್ನ ಶೀಟಿನಲ್ಲಿ ಇದ್ದದ್ದೆಲ್ಲ ಷೋರೂಮಿನವರು ನಮ್ಮಿಂದ ಎಷ್ಟು ಕೀಳುತ್ತಾರೆ ಅನ್ನೋದು ಮಾತ್ರ. ಗಾಡಿ ದಿನಕ್ಕೆ ಎಷ್ಟು ದುಡಿಯುತ್ತೆ ಅಂತ ನಾನು ತಮ್ಮನನ್ನು ಒಂದು ಸಲವೂ ಕೇಳಿರಲಿಲ್ಲ. ನಾನು ಕಾರು ಕೊಂಡವನು. ಕಾರಿಗೆ ಬೆಲೆ ಮಾತ್ರ ಇರುತ್ತೆ, ದುಡಿಮೆ ಇರಲ್ಲ. ಕಮ್ಮಿಗೆ ಕೊಂಡರೆ ಗೆದ್ದ ಹಾಗೆ. ಸರಕು ಗಾಡಿಯ ಬೆಲೆ ಎಲ್ಲಿಂದ ಶುರುವಾಗಬೇಕೆಂದರೆ ಒಂದು ಕ್ರೇಟಿಗೆ ಸಿಗುವ ಹದಿನೈದು ರೂಪಾಯಿಯಿಂದ.

ಹಾಗಂತ ನಾನು ಹಿಡಿದುಕೊಂಡು ಹೋಗಿದ್ದ ಲೆಕ್ಕ ದಂಡವಾಯಿತು ಅಂತಲ್ಲ. ಡಿಸೆಂಬರ್ ಗಾಡಿಯೇ ಇರಲಿ, ಆದರೆ ಡಿಸೆಂಬರಿನ ರೇಟು ಹಾಕಿ ಅಂದೆ. ಬಾಯಿಮಾತಿಗೆ ಹದಿನೈದು ಸಾವಿರ ಡಿಸ್ಕೌಂಟ್ ಅಂದಿದ್ದ ಹುಡುಗ ಒಳಗೆ ಹೋಗಿ ಮ್ಯಾನೇಜರನ್ನು ಕೇಳಿಕೊಂಡು ಬಂದು ಮೂವತ್ತೈದಕ್ಕೆ ನಿಂತ. "ಈ ತಿಂಗಳು ನಮಗೂ ಎರಡು ಗಾಡಿ ಕಮ್ಮಿ ಇದೆ ಸರ್" ಅಂತ ಮೆಲ್ಲಗೆ ಹೇಳಿದ. ಇನ್ನೂ ಐದು ಜಗ್ಗಬಹುದಿತ್ತು. ತಮ್ಮ ನನ್ನ ಮೊಣಕೈ ಮುಟ್ಟಿ "ಸಾಕು ಬಿಡಣ್ಣ, ಸರ್ವೀಸಿಗೆ ನಾಳೆ ಇಲ್ಲಿಗೇ ಬರಬೇಕಲ್ಲ" ಅಂದ. ಕೂಡಿಸಿ ನೋಡಿದರೆ ಮೊದಲ ಕೊಟೇಶನ್ನಿನಿಂದ 70,000 ಇಳಿದಿತ್ತು. ಹುಡುಗ ಬಟ್ಟೆ ತಂದು ಬಳಪದ ಗೆರೆಗಳನ್ನು ಒರೆಸುವಾಗ ತಮ್ಮನೂ ಜೊತೆಗೆ ಒರೆಸಿದ.

ಅಮ್ಮನ ಸರ ಸೀಸನ್ನಿನ ಕೊನೆಗೆ ಬರಲಿಲ್ಲ, ಸಂಕ್ರಾಂತಿಗೆ ಬಂತು. ಅಕ್ಟೋಬರಿನಲ್ಲಿ ಮಳೆ ಹಿಡಿದು ಹದಿನೆಂಟು ದಿನ ಗಾಡಿ ಮನೆ ಮುಂದೆ ನಿಂತಿತ್ತು. ಆ ದಿನಗಳಲ್ಲೇ ಒಂದು ರಾತ್ರಿ ಕೂತು ಇನ್ನೊಂದು ಲೆಕ್ಕ ಹಾಕಿದೆ. ಕಂತು, ತಿಂಗಳಿಗೆ ಹಂಚಿದ ಇನ್ಶೂರೆನ್ಸು, ಇವೆರಡೇ ಸೇರಿ ಗಾಡಿ ಒಂದಡಿ ಕದಲದಿದ್ದರೂ ದಿನಕ್ಕೆ ಏಳುನೂರು. ಟೈರು, ಸರ್ವೀಸು, ಎರಡು ವರ್ಷಕ್ಕೊಮ್ಮೆ ಎಫ್‌ಸಿ ಅದರ ಮೇಲೆ. ಓಡಿಸುವವನ ಕೂಲಿ ಇನ್ನೂ ಹಾಕಿಲ್ಲ.

2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ನಮ್ಮ ಗಾಡಿಗೆ ಲೆಕ್ಕ ಹಾಕಿದೆ, 71,875 ಕಮ್ಮಿಯಾಗುತ್ತಿತ್ತು. ನಾನು ಒಂದಿಡೀ ದಿನ ಗುದ್ದಾಡಿ ಉಳಿಸಿದ್ದಕ್ಕಿಂತ ಜಾಸ್ತಿ! ಹೊಟ್ಟೆ ಉರಿದು ತಮ್ಮನಿಗೆ ಫೋನ್ ಮಾಡಿದೆ. ಅವನು ಮಂಡಿಯಲ್ಲಿದ್ದ. ಹಿಂದೆ ಹರಾಜು ಕೂಗುತ್ತಿದ್ದರು. "ಎರಡು ಸೀಸನ್ ಹೊಡೆದಾಯ್ತಲ್ಲ ಅಣ್ಣ. ಕಾಯ್ಕೊಂಡಿದ್ರೆ ಅದು ಯಾರು ಕೊಡ್ತಿದ್ರು?" ಅಂದು ಇಟ್ಟುಬಿಟ್ಟ.

ಹೋದ ತಿಂಗಳು ಫ್ರಿಜ್ಜು, ಮಂಚ, ಪುಸ್ತಕದ ಕಪಾಟು ಹೆಂಡತಿಯ ಅಕ್ಕನ ಮನೆಗೆ ಸಾಗಿಸಬೇಕಿತ್ತು. ವೈಟ್‌ಫೀಲ್ಡಿನಿಂದ ಕೆಂಗೇರಿ. ಪಿಕಪ್ಪಿನವರೊಬ್ಬರಿಗೆ ಫೋನ್ ಮಾಡಿದೆ. 2,600 ಅಂದರು. ಡೀಸೆಲ್ ಎಷ್ಟಾಗುತ್ತೆ, ಅರ್ಧ ದಿನ ಹೋಗುತ್ತೆ, ವಾಪಸ್ ಖಾಲಿ ಬರಬೇಕು ಅಂತ ಮನಸ್ಸಿನಲ್ಲೇ ಕೂಡಿಸಿಕೊಂಡೆ. "ಅಲ್ಲಿ ಲಿಫ್ಟಿಲ್ಲ, ಎರಡನೇ ಮಹಡಿ. ಗೇಟಿನಲ್ಲಿ ಕಾಯೋದೂ ಇರಬಹುದು. ಅದನ್ನೂ ಸೇರಿಸಿ ಹೇಳಿ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

"ಸರ್," ಅಂದರು ಅನುಮಾನದಿಂದ, "ಬುಕಿಂಗು ಗ್ಯಾರಂಟಿ ತಾನೇ?"