ಪಲ್ಲಕ್ಕಿಯಲ್ಲಿ ಬಂದ ಸಸಿ

ಹೌರಾ ನಿಲ್ದಾಣದಿಂದ ಬೆಳಗಿನ ರೈಲು ಹಿಡಿದು ನಾವು ಬೋಲಪುರದಲ್ಲಿ ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿದ್ದಿತು. ನಾನು, ನನ್ನಾಕೆ, ಐದನೆಯ ತರಗತಿಯ ಮೊಮ್ಮಗ. ಮೂವರಿಗೂ ಒಂದೇ ಕೊಡೆ. ಅಲ್ಲಿನವರು ‘ಟೋಟೋ’ ಎಂದು ಕರೆಯುವ ವಿದ್ಯುತ್ ರಿಕ್ಷಾ ಏರಿ, ಕೆಂಪು ನೀರು ಹರಿಯುವ ರಸ್ತೆಯಲ್ಲಿ ಶಾಂತಿನಿಕೇತನದತ್ತ ಹೊರಟೆವು.

ಇಷ್ಟೊಂದು ಹಸುರನ್ನು ಕಂಡವರಿಗೆ ಇದೆಲ್ಲ ಮೊದಲಿನಿಂದಲೂ ಇದ್ದ ಕಾಡೆಂದೇ ತೋರುವುದು. ಹಾಗಲ್ಲ. 1863ರಲ್ಲಿ ಮಹರ್ಷಿ ದೇವೇಂದ್ರನಾಥ ಠಾಕೂರರು ಇಪ್ಪತ್ತು ಬಿಘಾ ನೆಲವನ್ನು ಗೇಣಿಗೆ ಪಡೆದಾಗ ಇದು ಬಯಲು. ಹೇಳಿಕೊಳ್ಳುವಂತಹ ನೆರಳೆಂದರೆ ಎರಡು ‘ಛಾತಿಮ್’ ಮರಗಳದು. ಮಳೆಯ ನೀರು ಕೊರೆದು ಮಾಡಿದ ಕೆಂಪು ಕೊರಕಲುಗಳನ್ನು, ಅಲ್ಲಿನವರ ‘ಖೋವಾಯಿ’ಯನ್ನು, ಊರ ಹೊರಗೆ ಇಂದಿಗೂ ಕಾಣಬಹುದು. ಮಾವಿನ ತೋಪು, ಸಾಲವೃಕ್ಷಗಳ ಬೀದಿ, ಎಲ್ಲವೂ ಮನುಷ್ಯರು ನೆಟ್ಟು ನೀರೆರೆದು ಬೆಳೆಸಿದವು.

ಛಾತಿಮ್ ಮರದ ಜಾಗವನ್ನು ತೋರಿಸಿದಾಗ ನನ್ನಾಕೆ ಒಮ್ಮೆಲೆ ನಿಂತುಬಿಟ್ಟಳು. ಅವಳ ತವರು ಪುತ್ತೂರಿನ ಕಡೆ. “ನೋಡಿ, ಇದು ನಮ್ಮ ಪಾಲೆ ಮರವಲ್ಲವೆ!” ಎಂದಳು. ಹೌದು, ಸಂಸ್ಕೃತದ ಸಪ್ತಪರ್ಣಿ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ, ಕಬ್ಬಿಣ ಸೋಕಿಸದೆ, ಕಲ್ಲಿನಿಂದ ಜಜ್ಜಿ ಇದರ ತೊಗಟೆ ತೆಗೆದು ಕಷಾಯ ಕುಡಿಯುತ್ತಾರೆ. ಬಂಗಾಳಿಗಳ ಶ್ರಾವಣ ಸೌರಮಾನದ್ದು, ಆಟಿಯೊಡನೆಯೇ ಬರುತ್ತದೆ. ಅಲ್ಲಿ ಕಹಿ ಕುಡಿಯುವ ತಿಂಗಳಲ್ಲಿ ಇಲ್ಲಿ ಮರ ನೆಡುತ್ತಾರೆ. ಇಲ್ಲಿನ ಪದವೀಧರರಿಗೆ ಘಟಿಕೋತ್ಸವದಲ್ಲಿ ಸಪ್ತಪರ್ಣಿಯ ಎಲೆಯನ್ನೇ ಕೊಡುವ ಸಂಪ್ರದಾಯ.

ರವೀಂದ್ರರು ಐವರು ವಿದ್ಯಾರ್ಥಿಗಳೊಡನೆ ಇಲ್ಲಿ ಶಾಲೆ ತೆರೆದದ್ದು 1901ರ ಡಿಸೆಂಬರ್ 22ರಂದು. ಬಾಲ್ಯದಲ್ಲಿ ಶಾಲೆಯ ನಾಲ್ಕು ಗೋಡೆಗಳನ್ನು ಸಹಿಸಲಾರದೆ ಹೊರಬಂದವರು ಅವರು. ತಮ್ಮ ಶಾಲೆಗೆ ಗೋಡೆಗಳನ್ನೇ ಇಡಲಿಲ್ಲ. ‘ಪಾಠಭವನ’ದ ಮಕ್ಕಳು ಈಗಲೂ ಹಳದಿ ಉಡುಪಿನಲ್ಲಿ, ಚಿಕ್ಕ ಆಸನವೊಂದನ್ನು ಕಂಕುಳಲ್ಲಿಟ್ಟುಕೊಂಡು ಮರದಿಂದ ಮರಕ್ಕೆ ನಡೆಯುತ್ತಾರೆ. ಗಣಿತಕ್ಕೆ ಒಂದು ಮರ, ಭೂಗೋಳಕ್ಕೆ ಇನ್ನೊಂದು! ಮಳೆ ಬಂದರೆ ಏಳಬೇಕು, ಬೇಸಗೆಯ ಸೆಕೆಯನ್ನು ಸಹಿಸಬೇಕು; ಉಪಾಧ್ಯಾಯನಾಗಿದ್ದ ನಾನು ಅದನ್ನು ಮರೆಯಲಾರೆ. ಆದರೆ ಎಲೆ ಯಾವಾಗ ಉದುರಿತು, ಯಾವಾಗ ಚಿಗುರಿತು ಎಂಬುದನ್ನು ಅಲ್ಲಿನ ಮಗುವಿಗೆ ಯಾರೂ ಪುಸ್ತಕ ಹಿಡಿದು ಹೇಳಬೇಕಾಗಿಲ್ಲ. ತೇಜೇಶಚಂದ್ರ ಸೇನರೆಂಬ ಮರಪ್ರೇಮಿ ಅಧ್ಯಾಪಕರು ಇಲ್ಲಿದ್ದರು. ಅವರ ‘ತಾಲಧ್ವಜ’ವೆಂಬ ಮಣ್ಣಿನ ಗುಡಿಸಲನ್ನು ತಾಳೆಮರವೊಂದರ ಸುತ್ತ ಕಟ್ಟಿದೆ. ಮರ ಹುಲ್ಲಿನ ಮಾಡನ್ನು ತೂರಿ ಆಕಾಶಕ್ಕೆ ಎದ್ದಿದೆ. ಮೊಮ್ಮಗ ಅದನ್ನು ಬಿಟ್ಟು ಬರಲೊಲ್ಲ!

ನಾವು ಹೋದದ್ದು ವೃಕ್ಷಾರೋಪಣಕ್ಕಾಗಿ. 1928ರ ಜುಲೈ 14ರಂದು ಕವಿಗಳು ಮೊದಲ ಬಾರಿಗೆ ಈ ಉತ್ಸವ ನಡೆಸಿದರು; ಅಂದು ನೆಟ್ಟದ್ದು ಬಕುಳದ ಸಸಿ. ಕೆ. ಎಂ. ಮುನ್ಷಿಯವರ ವನಮಹೋತ್ಸವ ದೇಶದಲ್ಲಿ ಮೊದಲಾದದ್ದು 1950ರಲ್ಲಿ, ಇಪ್ಪತ್ತೆರಡು ವರ್ಷಗಳ ಅನಂತರ. ಕವಿಗಳು 1941ರಲ್ಲಿ ತೀರಿಕೊಂಡ ತರುವಾಯ, ಅವರ ಪುಣ್ಯತಿಥಿಯಾದ ಶ್ರಾವಣದ 22ನೆಯ ದಿನವೇ ಇದಕ್ಕೆ ನಿಂತುಹೋಗಿದೆ. ಶೋಕದ ದಿನ ಒಂದು ಗಿಡ ಮಣ್ಣು ಸೇರುತ್ತದೆ. ಮರುದಿನ ಪಕ್ಕದ ಶ್ರೀನಿಕೇತನದಲ್ಲಿ ನೇಗಿಲು ಹೂಡುವ ಹಲಕರ್ಷಣ.

ಶಂಖ ಮೊಳಗಿತು. ಹಾಡುತ್ತ, ನರ್ತಿಸುತ್ತ ಮಕ್ಕಳ ಸಾಲು ಬಂದಿತು. ನಡುವೆ ಹೂವಿನಿಂದ ಸಿಂಗರಿಸಿದ ಪಲ್ಲಕ್ಕಿ; ಒಳಗೆ ಮದುಮಗಳಂತೆ ಕುಳಿತದ್ದು ಗೇಣುದ್ದದ ಒಂದು ಸಸಿ! ಪೃಥ್ವಿ, ಅಪ್, ತೇಜಸ್ಸು, ವಾಯು, ಆಕಾಶ ಎಂದು ಪಂಚಭೂತಗಳ ಪರವಾಗಿ ಐವರು ಮಕ್ಕಳು ಅದನ್ನು ಹರಸಿದರು. ಭಾಷಣವೂ ಇದ್ದಿತು, ಅದನ್ನು ನಾನು ಕೇಳಲಿಲ್ಲ. ಬೇರೊಂದು ಮರ ನೆನಪಾಗಿದ್ದಿತು.

ಬೆಂಗಳೂರಿನ ಒಂದು ಶಾಲೆಯಲ್ಲಿ ನಾನು ಕಡೆಯ ಆರು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ಅಂಗಳದಲ್ಲಿ ಹಳೆಯ ಹೊಂಗೆ. ಅದರ ಕೊಂಬೆಗೆ ತೂಗುಹಾಕಿದ್ದ ರೈಲು ಕಂಬಿಯ ತುಂಡೇ ನಮ್ಮ ಗಂಟೆ. ಸೈಕಲ್ ಶೆಡ್ಡಿಗೆ ಬೇರೆ ಜಾಗವಿಲ್ಲವೆಂದು ಅದನ್ನು ಕಡಿಸುವ ಕಾಗದಕ್ಕೆ ಸಹಿ ಹಾಕಿದವನು ನಾನೇ. ಯಾರೂ ಒತ್ತಾಯಿಸಿರಲಿಲ್ಲ. ಕೊಡಲಿ ಬಿದ್ದ ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು, “ಇನ್ನು ಗಂಟೆ ಎಲ್ಲಿ ಕಟ್ಟುತ್ತೀರಿ, ಸಾರ್?” ಎಂದು ಕೇಳಿದಳು. ವಿದ್ಯುತ್ ಗಂಟೆ ಬರುತ್ತದೆ ಎಂದೆ. ಬಂದಿತು.

ಶಾಂತಿನಿಕೇತನಕ್ಕೂ ತನ್ನ ತೊಂದರೆಗಳಿವೆ. 2023ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಸುತ್ತ ವಸತಿಗೃಹಗಳೋ ಬೇಕಾದಷ್ಟು. ಖೋವಾಯಿಯ ಮೇಲೆ ‘ಸೋನಾಝುರಿ’ ಎಂಬ ಸೊಗಸಾದ ಹೆಸರಿನಿಂದ ನಿಂತಿರುವುದು ನಮ್ಮ ಮಲೆನಾಡಿನವರು ಶಪಿಸುವ ಅದೇ ಅಕೇಶಿಯಾ! ಹೆಸರಿಗೆ ಮರುಳಾಗಿ ನಾನೂ ಅದನ್ನು ಹೊಗಳಿದ್ದೆ. ಗುರುತು ಹಿಡಿದವಳು ನನ್ನಾಕೆಯೇ.

ಹಿಂದಿರುಗುವ ರೈಲಿನಲ್ಲಿ ಮೊಮ್ಮಗ ಕಿಟಕಿಯ ಬಳಿ ಕುಳಿತು ತಾನು ಕಂಡ ಮರಗಳ ಹೆಸರು ಬರೆದುಕೊಳ್ಳುತ್ತಿದ್ದ.

“ತಾತ, ನಿಮ್ಮ ಸ್ಕೂಲಿನಲ್ಲಿ ಯಾವ ಮರ ಇತ್ತು?”

ಹೊಂಗೆ ಎಂದೆ. ಮುಂದಿನದನ್ನೂ ಮುಚ್ಚಿಡದೆ ಹೇಳಿದೆ. ಅವನು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚುತ್ತ ಕುಳಿತ.

“ಆ ಶೆಡ್ಡಿನಲ್ಲಿ ಎಷ್ಟು ಸೈಕಲ್ ಹಿಡಿಸುತ್ತಿತ್ತು?”

“ನಲವತ್ತು.”

ಅವನು ಅದನ್ನೂ ಬರೆದುಕೊಂಡ.