ಜೋಳಿಗೆಗೆ ಹಾಕಿದ ಮೇಲೆ

ಹೊರಗಿನಿಂದ ಏರಿ ಬರುವ ಶತ್ರುವಿಗಿಂತ, ನಾವೇ ಒಳಗೆ ಕರೆದು ಮಣೆ ಹಾಕಿ ಕೂರಿಸಿಕೊಂಡ ಶತ್ರು ಹೆಚ್ಚು ಹಾನಿಕರನೆಂಬುದು ಹಿರಿಯರ ಅನುಭವ. ದುರ್ವ್ಯಸನವು ಅಂತಹ ಶತ್ರು. ಅದು ಮೊದಲು ಅತಿಥಿಯಾಗಿ ಬರುತ್ತದೆ, ಅನಂತರ ಮನೆಯ ಯಜಮಾನನಾಗುತ್ತದೆ, ಕೊನೆಗೆ ಮನೆಯವರನ್ನೇ ಹೊರಗೆ ಹಾಕುತ್ತದೆ.

ಈ ಶತ್ರುವಿನೊಡನೆ ಹೋರಾಡಿದವರಲ್ಲಿ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳ ಹೆಸರು ಸರ್ವವಿದಿತ. 1975ರಲ್ಲಿ ಅವರು ಆರಂಭಿಸಿದ ‘ಮಹಾಂತ ಜೋಳಿಗೆ’ ಕಾಳು ಕಡಿಗಳನ್ನು ಬೇಡಲಿಲ್ಲ; ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿತು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಿದೆ. ಕುಡುಕನನ್ನು ಕಂಡು ಮೂಗು ಮುರಿಯುವುದೇ ವಾಡಿಕೆಯಾಗಿದ್ದ ಸಮಾಜದಲ್ಲಿ, ಅವನನ್ನು ‘ಕೊಡುವವನ’ ಸ್ಥಾನದಲ್ಲಿ ನಿಲ್ಲಿಸಿದ್ದು ಆ ಜೋಳಿಗೆಯ ಹಿರಿಮೆ. ಅದರ ಬೆಳಕಿನಲ್ಲಿಯೇ ಕೇಳಬೇಕಾದ ಪ್ರಶ್ನೆಯೊಂದಿದೆ: ಜೋಳಿಗೆಗೆ ಹಾಕಿದ ಮೇಲೆ ಆ ಮನುಷ್ಯನ ಗತಿಯೇನು? ಮರುದಿನ, ಮರುವಾರ, ಮರುವರ್ಷ ಅವನ ಕೈ ಹಿಡಿಯುವವರು ಯಾರು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ನನ್ನ ಚಿಕ್ಕಪ್ಪನ ಮಗನೊಬ್ಬನು ಹದಿನೈದು ವರ್ಷ ಕುಡಿತಕ್ಕೆ ದಾಸನಾಗಿದ್ದನು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಮನೆಯವರೆಲ್ಲ ಉಸಿರು ಬಿಟ್ಟೆವು. ಆದರೆ ಸಾರಾಯಿ ಹೋದ ದಾರಿಯಲ್ಲೇ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂದಿತು. “ಅಣ್ಣಾ, ಬಿಡಬೇಕಂತ ಮನಸ್ಸೈತಿ, ಮೈ ಬಿಡವಲ್ದು” ಎಂದು ಅವನು ಎಷ್ಟೋ ಸಲ ಅತ್ತಿದ್ದನು. 2014ರ ಜಾತ್ರೆಯಲ್ಲಿ ಸಾವಿರಾರು ಜನರೆದುರು ಪ್ರತಿಜ್ಞೆ ಮಾಡಿ, ಅಂದಿನಿಂದಲೇ ಹನಿಯನ್ನೂ ಮುಟ್ಟಲಿಲ್ಲ. ಮರುದಿನ ಕೈಗಳು ನಡುಗತೊಡಗಿದವು. ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆಯೆಂದು ಕೂಗಿ, ಹೆಂಡತಿಯನ್ನೇ ಗುರುತಿಸದಾದನು. ಕೆಲವರು ದೆವ್ವವೆಂದರು, ಕೆಲವರು ಪ್ರತಿಜ್ಞೆ ಫಲಿಸಲಿಲ್ಲವೆಂದರು. ಬೆಳಗಾಗುವುದರೊಳಗೆ ಬಾಡಿಗೆ ಜೀಪಿನಲ್ಲಿ ಧಾರವಾಡಕ್ಕೆ ಕರೆದೊಯ್ದೆವು.

ಅಲ್ಲಿಯ ತರುಣ ವೈದ್ಯರು ಹೇಳಿದ ಮಾತು ನನ್ನ ಕಣ್ಣು ತೆರೆಸಿತು. ಮದ್ಯವು ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ವಸ್ತು. ವರ್ಷಗಟ್ಟಲೆ ಕುಡಿದವನ ಮಿದುಳು ಅದಕ್ಕೆ ಎದುರಾಗಿ ತನ್ನ ಚಟುವಟಿಕೆಯನ್ನು ಏರಿಸಿಕೊಂಡಿರುತ್ತದೆ. ಜೋಡೆತ್ತಿನ ಬಂಡಿಯ ಒಂದೆತ್ತನ್ನು ಹಾದಿಯ ನಡುವೆ ಥಟ್ಟನೆ ಬಿಚ್ಚಿದರೆ ಬಂಡಿ ಹೇಗೆ ಒಂದೇ ಕಡೆಗೆ ಎಳೆದುಕೊಂಡು ಹೋಗುವುದೋ ಹಾಗೆ, ಕುಡಿತವು ಒಮ್ಮೆಲೆ ನಿಂತರೆ ನರಮಂಡಲವು ಹತೋಟಿ ತಪ್ಪುತ್ತದೆ. ಮೊದಲ ದಿನ ನಡುಕ, ಬೆವರು, ನಿದ್ರಾಹೀನತೆ. ಕೆಲವರಿಗೆ ಎರಡು ದಿನಗಳೊಳಗೆ ಫಿಟ್ಸು. ಎರಡರಿಂದ ನಾಲ್ಕನೆಯ ದಿನದ ಅವಧಿಯಲ್ಲಿ ಕೆಲವರಿಗೆ ಚಿತ್ತಭ್ರಮೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಪ್ರಾಣವೇ ಹೋಗಬಹುದು. ಡಯಾಜಿಪಾಮ್‌ನಂತಹ ಔಷಧಿಯನ್ನು ಕೊಟ್ಟು ಕೆಲವು ದಿನಗಳಲ್ಲಿ ಇಳಿಸುತ್ತ ಬರುವುದು, ಕುಡುಕರಲ್ಲಿ ಬತ್ತಿಹೋಗಿರುವ ಬಿ-1 ಜೀವಸತ್ವವನ್ನು ತುಂಬುವುದು—ಇಷ್ಟರಿಂದ ಈ ಗಂಡಾಂತರವನ್ನು ಬಹುಮಟ್ಟಿಗೆ ದಾಟಿಸಬಹುದು. ತಮ್ಮನು ಹತ್ತು ದಿನಗಳಲ್ಲಿ ಎದ್ದು ಕುಳಿತನು. ಪ್ರತಿಜ್ಞೆಯೂ ನಿಜ, ರೋಗವೂ ನಿಜ. ಒಂದನ್ನು ನಂಬುವುದಕ್ಕೆ ಇನ್ನೊಂದನ್ನು ಅಲ್ಲಗಳೆಯಬೇಕಾಗಿಲ್ಲ.

ಹೀಗೆ ವೈದ್ಯರ ಬಳಿಗೆ ತಲುಪುವ ಭಾಗ್ಯ ಎಷ್ಟು ಜನರಿಗೆ ಇದೆ? ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ, ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವನು 180ರಲ್ಲಿ ಒಬ್ಬ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಆದರೆ ದಿನಗೂಲಿಯವನು ಕೂಲಿ ಕಳೆದುಕೊಂಡು, ಬಸ್ಸಿನ ಖರ್ಚು ಹೊತ್ತು, ನೂರಾರು ಮೈಲಿ ದೂರ ಎಷ್ಟು ಸಲ ಹೋದಾನು?

ಚಿಕಿತ್ಸೆ ಮುಗಿಸಿ ಊರಿಗೆ ಬಂದ ಮೇಲೆ ನಿಜವಾದ ಪರೀಕ್ಷೆ ಆರಂಭವಾಯಿತು. ಗಾರೆ ಕೆಲಸ ಬಲ್ಲ ತಮ್ಮನನ್ನು ಮೇಸ್ತ್ರಿಗಳು ಕರೆಯಲಿಲ್ಲ. ಅಂಗಡಿಯಲ್ಲಿ ಉದ್ರಿ ಹುಟ್ಟಲಿಲ್ಲ. ಬೀಗರ ಮದುವೆಯಲ್ಲಿ ಮಾತ್ರ “ಇವತ್ತೊಂದು ದಿನ, ಒಂದೇ ಗುಟುಕು” ಎಂದು ಕೈ ಹಿಡಿದು ಎಳೆಯುವವರಿಗೆ ಕೊರತೆಯಿರಲಿಲ್ಲ. ಐದನೆಯ ತಿಂಗಳಿಗೆ ಅವನು ಮತ್ತೆ ಕುಡಿದನು. ಊರು “ನಾವು ಹೇಳಲಿಲ್ಲವೇ?” ಎಂದಿತು. ಆದರೆ ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಏರಿದರೆ ನಾವು ವೈದ್ಯರಲ್ಲಿಗೆ ಕಳಿಸುತ್ತೇವೆಯೇ ಹೊರತು ಬಹಿಷ್ಕರಿಸುವುದಿಲ್ಲ. ವ್ಯಸನವೂ ಮರುಕಳಿಸುವ ಸ್ವಭಾವದ ರೋಗ. ಮರುಕಳಿಕೆಯು ಚಿಕಿತ್ಸೆಯನ್ನು ಮುಂದುವರಿಸಬೇಕೆಂಬ ಸೂಚನೆ.

ಎರಡನೆಯ ಸಲ ಅವನನ್ನು ಉಳಿಸಿದ್ದು ಔಷಧಿಯೊಂದೇ ಅಲ್ಲ. ಕುಡಿತ ಬಿಟ್ಟಿದ್ದ ನಾಲ್ವರು ಪ್ರತಿ ಮಂಗಳವಾರ ಸಂಜೆ ಶಾಲೆಯ ಪಡಸಾಲೆಯಲ್ಲಿ ಅವನೊಡನೆ ಕುಳಿತರು. ಉಪದೇಶವಿಲ್ಲ, ನಿಂದೆಯಿಲ್ಲ, ಆ ವಾರ ಆಸೆ ಎಲ್ಲಿ ಕಾಡಿತು, ಹೇಗೆ ದಾಟಿದೆನೆಂದು ಒಬ್ಬೊಬ್ಬರೂ ಹೇಳುವರು. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಷೇರು ವ್ಯಾಪಾರದ ಬಿಲ್ ವಿಲ್ಸನ್ ಹಾಗೂ ಶಸ್ತ್ರವೈದ್ಯ ರಾಬರ್ಟ್ ಸ್ಮಿತ್ ಕಂಡುಕೊಂಡದ್ದೂ ಇದನ್ನೇ: ಕುಡಿತದಿಂದ ಬಳಲಿದವನ ಮಾತು ಬಳಲುತ್ತಿರುವವನಿಗೆ ತಾಗುತ್ತದೆ. ಅದರಿಂದಲೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಬೆಳೆಯಿತು. ನಮ್ಮ ನೆರೆಯಲ್ಲಿ, 1980ರಲ್ಲಿ ಚೆನ್ನೈಯಲ್ಲಿ ಚಿಕಿತ್ಸಾ ಸಂಸ್ಥೆಯನ್ನು ಕಟ್ಟಿದ ಶಾಂತಿ ರಂಗನಾಥನ್ ಅವರ ಬಳಗವು, ಮುಂದೆ ತಮಿಳುನಾಡಿನ ಮಂಜಕ್ಕುಡಿ ಗ್ರಾಮದಲ್ಲಿ ಶಿಬಿರ ನಡೆಸಿ, ಆಸ್ಪತ್ರೆಯನ್ನೇ ಹಳ್ಳಿಗೆ ಕೊಂಡೊಯ್ದಿತು. ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳೂ ಊರಿನವರ ಸಹಕಾರದಿಂದಲೇ ನಡೆಯುತ್ತಿವೆ.

ಸದ್ಭಕ್ತರಲ್ಲಿಯೂ, ಶ್ರೀಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿಯೂ ನನ್ನ ಅರಿಕೆ ಇಷ್ಟೇ. ಪ್ರತಿಜ್ಞೆ ಸ್ವೀಕರಿಸುವ ಸಭೆಯಲ್ಲಿ ಒಬ್ಬ ವೈದ್ಯರೂ ಇರಲಿ. ದಿನನಿತ್ಯ ಕುಡಿಯುವವನನ್ನು ಅವರು ಪರೀಕ್ಷಿಸಿದ ಮೇಲೆಯೇ ಕುಡಿತ ನಿಲ್ಲಿಸಲಿ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ದಿನವನ್ನು ಇದಕ್ಕೆ ದಾಸೋಹವಾಗಿ ಸಲ್ಲಿಸಲಿ. ಪ್ರತಿಜ್ಞೆ ಮಾಡಿದವನ ಮನೆಗೆ ಮೊದಲ ವಾರ ದಿನವೂ, ಅನಂತರ ವರ್ಷದವರೆಗೆ ವಾರಕ್ಕೊಮ್ಮೆಯೂ ಯಾರಾದರೂ ಹೋಗಿ ಬರಲಿ. ಅವನಿಗೆ ಕಾಯಕ ಕೊಡುವವರು ಮುಂದೆ ಬರಲಿ. ಅವನ ಹೆಂಡತಿ ಮಕ್ಕಳ ಅಳಲನ್ನೂ ಕೇಳುವವರಿರಲಿ. ಅನ್ನದಲ್ಲಿ ಗುಟ್ಟಾಗಿ ಪುಡಿ ಬೆರೆಸುವ ಪದ್ಧತಿ ನಿಲ್ಲಲಿ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್‌ನಂತಹ ಔಷಧಿಯನ್ನು ರೋಗಿಗೆ ತಿಳಿಯದಂತೆ ಕೊಡುವುದು ಪ್ರಾಣಾಪಾಯಕ್ಕೆ ದಾರಿ. ಸರಪಳಿಯಿಂದ ಕಟ್ಟಿ ಚಟ ಬಿಡಿಸುವೆವೆನ್ನುವವರ ಕೈಗೆ ಯಾರನ್ನೂ ಒಪ್ಪಿಸಬೇಡಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಅದನ್ನು ನಿಷೇಧಿಸಿದೆ. ದಾರಿ ತೋರದವರು 14446 ಸಂಖ್ಯೆಯ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.

ತಮ್ಮನು ಇಂದು ಗಾರೆ ಕೆಲಸದ ಮೇಸ್ತ್ರಿಯಾಗಿದ್ದಾನೆ. ಕುಡಿತ ಬಿಡಲು ಹೆಣಗುವ ಇಬ್ಬರನ್ನು ತನ್ನ ಕೈಕೆಳಗೆ ಇಟ್ಟುಕೊಂಡಿದ್ದಾನೆ. ಅವರು ಕೆಲಸಕ್ಕೆ ತಪ್ಪಿಸಿಕೊಂಡ ದಿನ ಕೂಲಿ ಮುರಿಯುವುದಕ್ಕೆ ಮುಂಚೆ ಅವರ ಮನೆಗೆ ಹೋಗಿ ವಿಚಾರಿಸುತ್ತಾನೆ. ಮುಂಬರುವ ಆಗಸ್ಟ್ 1ರಂದು ಪ್ರತಿಜ್ಞೆ ಮಾಡುವವರ ಹೆಸರನ್ನು ಬರೆದುಕೊಳ್ಳುವಾಗ, ಪ್ರತಿ ಹೆಸರಿನ ಮುಂದೆ ಅವನ ಜೊತೆಗೆ ನಿಲ್ಲುವ ಇಬ್ಬರ ಹೆಸರನ್ನೂ ಬರೆದುಕೊಳ್ಳೋಣ.